ಕಾಲದ ಸುರಂಗದಲ್ಲಿ ಕಳಿಸಬೇಕಿದ್ದದ್ದು ಸೈನಿಕರನ್ನಲ್ಲ: ‘ದಿ ಟುಮಾರೊ ವಾರ್’ ತರ್ಕ ತಪ್ಪಿದ್ದೆಲ್ಲಿ?

2022ರ ಡಿಸೆಂಬರ್. ವಿಶ್ವಕಪ್ ಫುಟ್‌ಬಾಲ್ ಪಂದ್ಯ ರಂಗೇರಿದೆ. ಇದ್ದಕ್ಕಿದ್ದಂತೆ ಮೈದಾನದ ನಡುವೆ ಗಾಳಿ ಸುಳಿಯಾಗಿ ತೆರೆದುಕೊಂಡು ಶಸ್ತ್ರಧಾರಿಗಳ ತಂಡವೊಂದು ಹೊರಗೆ ಕಾಲಿಡುತ್ತದೆ. ತಾವು 2051ರಿಂದ ಬಂದವರೆಂದೂ, ಮನುಷ್ಯರಲ್ಲದ ಶತ್ರುವಿನ ಎದುರು ಸೋಲುತ್ತಿದ್ದೇವೆಂದೂ, ಇನ್ನು ಹನ್ನೊಂದು ತಿಂಗಳಲ್ಲಿ ತಮ್ಮ ಕಾಲದ ಭೂಮಿಯಲ್ಲಿ ಒಬ್ಬ ಮನುಷ್ಯನೂ ಉಳಿಯುವುದಿಲ್ಲವೆಂದೂ ಅವರು ಹೇಳುತ್ತಾರೆ. ನೀವೇ ಬಂದು ಕಾದಾಡಬೇಕು ಎಂಬುದು ಅವರ ಬೇಡಿಕೆ.

ಕ್ರಿಸ್ ಮೆಕೇ ನಿರ್ದೇಶನದ, 2021ರ ಜುಲೈನಲ್ಲಿ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾದ ‘ದಿ ಟುಮಾರೊ ವಾರ್’ ಚಿತ್ರದ ಈ ಆರಂಭ ನಿಜಕ್ಕೂ ಮೈ ಜುಮ್ಮೆನ್ನಿಸುವಂಥದ್ದು. ಆದರೆ ಚಿತ್ರ ಮುಗಿಯುವ ಹೊತ್ತಿಗೆ ತಲೆಯಲ್ಲಿ ಉಳಿಯುವುದು ಪ್ರಶ್ನೆಗಳ ಸಾಲು. ಅವುಗಳಲ್ಲಿ ಕೆಲವು ಸುಲಭವಾಗಿ ಕ್ಷಮಿಸಬಹುದಾದವು, ಕೆಲವು ಕಥೆಯ ತಳಪಾಯವನ್ನೇ ಅಲುಗಿಸುವಂಥವು. ಎರಡನ್ನೂ ಬೇರೆ ಮಾಡಿ ನೋಡಬೇಕು. ಚರ್ಚೆ ಕ್ಲೈಮ್ಯಾಕ್ಸ್‌ವರೆಗೂ ಹೋಗುವುದರಿಂದ, ಚಿತ್ರವನ್ನು ಇನ್ನೂ ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.

ವೈಜ್ಞಾನಿಕ ಕಥೆಗೆ ಒಂದು ಅಸಾಧ್ಯವನ್ನು ಕೇಳಿ ಪಡೆಯುವ ಹಕ್ಕಿದೆ. ಕಾಲಯಾನ ಸಾಧ್ಯ ಎಂದುಕೊಳ್ಳಿ ಎಂದರೆ ಪ್ರೇಕ್ಷಕ ಒಪ್ಪಿಕೊಳ್ಳುತ್ತಾನೆ. ಆದ್ದರಿಂದ ‘ಕಾಲಯಾನವೇ ಸುಳ್ಳು’ ಎನ್ನುವುದು ವಿಮರ್ಶೆಯಾಗದು. ಪಾತ್ರವೊಂದು ದುಡುಕಿ ತಪ್ಪು ಮಾಡುವುದು ಕೂಡ ಕಥೆಯ ದೋಷವಲ್ಲ. ಯುದ್ಧದಲ್ಲಿ ಮನುಷ್ಯರು ದುಡುಕುತ್ತಾರೆ. ನಿಜವಾದ ತೂತು ಇರುವುದು ಕಥೆ ತಾನೇ ಹಾಕಿದ ನಿಯಮವನ್ನು ತಾನೇ ಮರೆತಾಗ, ಅಥವಾ ತನ್ನ ಕೈಯಲ್ಲೇ ಇರುವ ಸುಲಭ ಪರಿಹಾರವನ್ನು ಒಂದೇ ಒಂದು ಪಾತ್ರವೂ ಯೋಚಿಸದೇ ಹೋದಾಗ. ಈ ಚಿತ್ರದಲ್ಲಿ ಎರಡೂ ಆಗಿವೆ. ಎರಡಕ್ಕೂ ಮೂಲ ಒಂದೇ: 2051ರಿಂದ 2022ಕ್ಕೆ ಬರುವ ಸುರಂಗದಲ್ಲಿ ಸಾಗಿಸಬಹುದಾದ ಅತಿ ಬೆಲೆಬಾಳುವ ಸರಕು ಮಾಹಿತಿ ಎಂಬುದು ಕಥೆಗೆ ಹೊಳೆಯುವುದು ಕೊನೆಯ ಮೂರನೇ ಒಂದು ಭಾಗದಲ್ಲಿ. ಅಲ್ಲಿಯವರೆಗೆ ಅದು ಬಂದೂಕು ಹಿಡಿದ ಶಿಕ್ಷಕರನ್ನೂ ಗುಮಾಸ್ತರನ್ನೂ ಸಾಗಿಸುತ್ತಿರುತ್ತದೆ.

ಎರಡು ತೆಪ್ಪಗಳ ನಿಯಮ

ಸುರಂಗದ ಹೆಸರು ಜಂಪ್‌ಲಿಂಕ್. ಕಾಲ ಒಂದು ನದಿ, ಅದರ ಮೇಲೆ ಮೂವತ್ತು ವರ್ಷ ಅಂತರದಲ್ಲಿ ಎರಡು ತೆಪ್ಪಗಳು ತೇಲುತ್ತಿವೆ, ನಾವು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತೇವೆ ಎಂದು ಚಿತ್ರ ವಿವರಿಸುತ್ತದೆ. ಇಲ್ಲಿ ಒಂದು ವಾರ ಕಳೆದರೆ ಅಲ್ಲಿಯೂ ಒಂದು ವಾರ ಕಳೆಯುತ್ತದೆ. ಬೇಕಾದ ದಿನಕ್ಕೆ ಹೋಗಿ ಇಳಿಯುವಂತಿಲ್ಲ. ಇದು ಜಾಣ ನಿಯಮ. ಸೋತ ಕದನವನ್ನು ಮತ್ತೆ ಮತ್ತೆ ಆಡುವ ದಾರಿಯನ್ನು ಮುಚ್ಚಿ, ಕಥೆಗೆ ಅವಸರವನ್ನು ತಂದುಕೊಡುತ್ತದೆ.

ಭೌತಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಚಿತ್ರಣವೊಂದು ಇದೆ. 1988ರಲ್ಲಿ ಮೈಕೆಲ್ ಮಾರಿಸ್, ಕಿಪ್ ಥಾರ್ನ್ ಮತ್ತು ಉಲ್ವಿ ಯುರ್ಟ್‌ಸೆವರ್ ಅವರು ವರ್ಮ್‌ಹೋಲ್‌ನ (ದೂರದ ಎರಡು ಜಾಗಗಳನ್ನು ಬೆಸೆಯುವ ಕಲ್ಪಿತ ಸುರಂಗದ) ಎರಡು ಬಾಯಿಗಳ ನಡುವೆ ಕಾಲದ ಅಂತರ ಬರುವಂತೆ ಮಾಡಿದರೆ ಅದು ಕಾಲಯಂತ್ರವಾಗುತ್ತದೆ ಎಂದು ತೋರಿಸಿದ್ದರು. ಅವರ ಲೆಕ್ಕದಲ್ಲಿ ಒಂದು ಕಟ್ಟುಪಾಡಿದೆ: ಯಂತ್ರ ಸಿದ್ಧವಾದ ಕಾಲಕ್ಕಿಂತ ಹಿಂದಕ್ಕೆ ಯಾರೂ ಹೋಗಲಾಗದು. 2051ರಲ್ಲಿ ಕಟ್ಟಿದ ಸುರಂಗದ ಇನ್ನೊಂದು ಬಾಯಿ 2022ರಲ್ಲಿ ತೆರೆಯಲು ಬರುವುದಿಲ್ಲ. ಇದನ್ನು ಚಿತ್ರದ ತಪ್ಪೆಂದು ಎಣಿಸಬೇಕಾಗಿಲ್ಲ; ಕೇಳಿ ಪಡೆದ ಒಂದು ಅಸಾಧ್ಯ ಅದೇ ಆಗಿರಲಿ. ‘ಮೂವತ್ತು ವರ್ಷದಲ್ಲಿ ಭೂಮಿ ಎಲ್ಲಿಂದೆಲ್ಲಿಗೋ ಹೋಗಿರುತ್ತದೆ, ಸೈನಿಕರು ಬಾಹ್ಯಾಕಾಶದಲ್ಲಿ ಬೀಳಬೇಕಿತ್ತು’ ಎಂಬ ಇನ್ನೊಂದು ಆಕ್ಷೇಪ ಎಲ್ಲ ಕಾಲಯಾನದ ಕಥೆಗಳಿಗೂ ಅಂಟಿಕೊಂಡು ಬರುತ್ತದೆ. ಅದೂ ನಿಲ್ಲುವುದಿಲ್ಲ. ವಿಶ್ವದಲ್ಲಿ ಎಲ್ಲಕ್ಕೂ ಒಂದೇ ಸ್ಥಿರ ಅಳತೆಗೋಲಿಲ್ಲ; ಸುರಂಗದ ಎರಡೂ ಬಾಯಿಗಳು ಭೂಮಿಗೇ ಕಟ್ಟಿಕೊಂಡಿವೆ ಎಂದುಕೊಂಡರೆ ಸಾಕು.

ತೊಂದರೆ ಶುರುವಾಗುವುದು ವಿರೋಧಾಭಾಸದ ಭಯದಲ್ಲಿ. ಒಬ್ಬನೇ ಮನುಷ್ಯ ಒಂದೇ ಕಾಲದಲ್ಲಿ ಎರಡು ಕಡೆ ಇರಬಾರದು ಎಂಬ ಕಾರಣಕ್ಕೆ, ಯುದ್ಧಕ್ಕೆ ಮೊದಲೇ ಸಾಯಲಿರುವವರನ್ನು ಮಾತ್ರ ಕಡ್ಡಾಯವಾಗಿ ಸೇನೆಗೆ ಎಳೆಯಲಾಗುತ್ತದೆ. ಕಥಾನಾಯಕ ಡ್ಯಾನ್ ಫಾರೆಸ್ಟರ್ 2030ರಲ್ಲಿ ಸಾಯುವವನು, ಆದ್ದರಿಂದ ಅವನಿಗೆ ಕರೆ. ಭವಿಷ್ಯದಿಂದ ಬರುವ ತರಬೇತುದಾರರೆಲ್ಲ ಎಳೆಯರು, ಯಾಕೆಂದರೆ 2022ರಲ್ಲಿ ಅವರಿನ್ನೂ ಹುಟ್ಟಿಲ್ಲ. ಈ ವಿವರ ಬಿಚ್ಚಿಕೊಳ್ಳುವ ದೃಶ್ಯ ಚೆನ್ನಾಗಿದೆ. ಹಾಗಿದ್ದೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ.

ಕಾಲದ ಎಳೆ ಒಂದೇ ಎಂದಾದರೆ, ಡ್ಯಾನ್ 2051ಕ್ಕೆ ಹೋಗಿ ಅಲ್ಲೇ ಸತ್ತರೆ 2030ರ ಸಾವು ಇಲ್ಲವಾಗುತ್ತದೆ, ಅವನ ಮಗಳ ಬಾಲ್ಯ ಬೇರೆಯಾಗುತ್ತದೆ, ಆ ದಾಖಲೆಯನ್ನು ನೋಡಿ ಅವನನ್ನು ಆರಿಸಿದ ಭವಿಷ್ಯವೇ ಬದಲಾಗುತ್ತದೆ. ಕ್ಲೈಮ್ಯಾಕ್ಸ್‌ನಲ್ಲಾಗುವಂತೆ, ಶತ್ರುವನ್ನು ಕೊಲ್ಲುವ ವಿಷವನ್ನು 2051ರಿಂದ ಹಿಂದಕ್ಕೆ ತಂದು ಯುದ್ಧವನ್ನೇ ತಡೆದರಂತೂ ಆ ವಿಷವನ್ನು ತಯಾರಿಸುವ ಪ್ರಯೋಗಾಲಯವೇ ಹುಟ್ಟುವುದಿಲ್ಲ. ಹಾಗಲ್ಲದೆ ಎಳೆ ಕವಲೊಡೆಯುತ್ತದೆ, ಹಿಂದಿನ ಬದಲಾವಣೆ ಹೊಸ ಜಗತ್ತನ್ನು ಸೃಷ್ಟಿಸುತ್ತದೆ ಎಂದಾದರೆ, ಒಬ್ಬನೇ ಎರಡು ಕಡೆ ಇರುವುದರಿಂದ ಯಾವ ಅಪಾಯವೂ ಇಲ್ಲ. ಆಯ್ಕೆಯ ಕಟ್ಟಳೆಯೇ ಬೇಡ. ಮೊದಲ ದಾರಿ ಹಿಡಿದರೆ ಕ್ಲೈಮ್ಯಾಕ್ಸ್ ಬೀಳುತ್ತದೆ, ಎರಡನೆಯದು ಹಿಡಿದರೆ ಕಡ್ಡಾಯ ಸೇವೆಯ ಕಥೆ ಬೀಳುತ್ತದೆ. ಚಿತ್ರ ಆಯಾ ದೃಶ್ಯಕ್ಕೆ ಅನುಕೂಲವಾದದ್ದನ್ನು ಹಿಡಿದುಕೊಂಡು ಮುಂದೆ ಸಾಗುತ್ತದೆ.

ಇನ್ನು ಆ ಆಯ್ಕೆಯ ಲೆಕ್ಕವನ್ನೇ ನೋಡೋಣ. ಇದು ಸಣ್ಣ ಗುಣಾಕಾರದಲ್ಲಿ ಬಯಲಾಗುವ ತಪ್ಪು. 2022ರಲ್ಲಿ ಭೂಮಿಯ ಜನಸಂಖ್ಯೆ 800 ಕೋಟಿ. ಚಿತ್ರದ 2051ರಲ್ಲಿ ಉಳಿದವರು 5 ಲಕ್ಷಕ್ಕಿಂತ ಕಡಿಮೆ. ಆ 5 ಲಕ್ಷವೂ 2022ರಲ್ಲಿ ಬದುಕಿದ್ದವರೇ ಎಂದುಕೊಂಡರೂ 16,000 ಮಂದಿಯಲ್ಲಿ ಒಬ್ಬ ಮಾತ್ರ 2051ರಲ್ಲಿ ಉಸಿರಾಡುತ್ತಿರುತ್ತಾನೆ. ಅಂದರೆ 2022ರ ಬಹುತೇಕ ಯಾರನ್ನು ಕಳಿಸಿದರೂ ಅವರ ಇನ್ನೊಂದು ಪ್ರತಿ ಅಲ್ಲಿ ಎದುರಾಗದು. ಇಪ್ಪತ್ತರ ಗಟ್ಟಿಮುಟ್ಟಾದ ಯುವಕ ಯುವತಿಯರನ್ನು ಬಿಟ್ಟು, ವಯಸ್ಸಾದ ಕಾರಣಕ್ಕೋ ಕಾಯಿಲೆಯಿಂದಲೋ ಬೇಗ ಸಾಯಲಿರುವವರನ್ನು ಹೆಕ್ಕಿ ತೆಗೆಯುವ ಅಗತ್ಯವೇ ಇರಲಿಲ್ಲ. ಯುದ್ಧ ಶುರುವಾದ ಮೇಲೆ ಸತ್ತವರ ದಾಖಲೆ ಸರಿಯಾಗಿಲ್ಲ ಎಂದು ಚಿತ್ರದ ಪರವಾಗಿ ವಾದಿಸಬಹುದು. ಆದರೆ ಬದುಕಿರುವವರ ಪಟ್ಟಿ ಮಾಡುವುದು ಸತ್ತವರ ಪಟ್ಟಿಗಿಂತ ಸುಲಭ. 5 ಲಕ್ಷ ಹೆಸರುಗಳ ಪಟ್ಟಿ ಸಾಧಾರಣ ಪೆನ್‌ಡ್ರೈವ್‌ನ ಒಂದು ಮೂಲೆಯಲ್ಲಿ ಹಿಡಿಯುತ್ತದೆ.

ಕೇಳದೇ ಉಳಿದ ಪ್ರಶ್ನೆ: ಮಕ್ಕಳೇಕೆ ಬರಲಿಲ್ಲ?

ಮೂವತ್ತರೊಳಗಿನ ಸೈನಿಕರು 2051ರಿಂದ ಹಿಂದಕ್ಕೆ ಬಂದು ನಿರಾತಂಕವಾಗಿ ಓಡಾಡುತ್ತಾರೆ. ಅದೇ ನಿಯಮದ ಪ್ರಕಾರ 2051ರ ಪ್ರತಿಯೊಂದು ಮಗುವೂ ಬರಬಹುದು. ಯಾವ ವಿರೋಧಾಭಾಸವೂ ಇಲ್ಲ, ಅವರಲ್ಲಿ ಯಾರೂ ಇಲ್ಲಿ ಹುಟ್ಟಿರುವುದಿಲ್ಲ. ಹನ್ನೊಂದು ತಿಂಗಳಲ್ಲಿ ಎಲ್ಲರೂ ಸಾಯುತ್ತಾರೆ ಎಂದು ಗೊತ್ತಿರುವ ಸಮಾಜವೊಂದರ ಬಳಿ ಸುರಕ್ಷಿತ ಕಾಲಕ್ಕೆ ತೆರೆಯುವ ಬಾಗಿಲಿದೆ. ಆ ಬಾಗಿಲಿನಿಂದ ಮಕ್ಕಳನ್ನು ಮೊದಲು ದಾಟಿಸಬೇಕು ಎಂದು ಯಾವ ತಾಯಿಯೂ ತಂದೆಯೂ ಕೇಳುವುದಿಲ್ಲ. ಮುತ್ತಿಗೆಗೆ ಸಿಕ್ಕ ನಗರಗಳಿಂದ ಮಕ್ಕಳನ್ನು ಮೊದಲು ಹೊರಗೆ ಕಳಿಸುವುದನ್ನು ಇತಿಹಾಸ ಉದ್ದಕ್ಕೂ ಕಂಡಿದೆ. ಎರಡನೇ ಮಹಾಯುದ್ಧ ಶುರುವಾದ 1939ರ ಸೆಪ್ಟೆಂಬರಿನ ಮೊದಲ ಕೆಲವೇ ದಿನಗಳಲ್ಲಿ ಬ್ರಿಟನ್ ಸುಮಾರು 15 ಲಕ್ಷ ಜನರನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ನಗರಗಳಿಂದ ಹಳ್ಳಿಗಳಿಗೆ ರೈಲಿನಲ್ಲಿ ಸಾಗಿಸಿತ್ತು. ಅಲ್ಲಿ ಆಗಿನ್ನೂ ಬಾಂಬು ಬೀಳಲು ಶುರುವಾಗಿರಲಿಲ್ಲ. ಇಲ್ಲಿ ಭೂಮಿಯೇ ಮುಗಿಯುತ್ತಿದೆ.

ಇಡೀ ಚಿತ್ರ ಒಬ್ಬ ತಂದೆ ಮತ್ತು ಮಗಳ ಸುತ್ತ ಹೆಣೆದದ್ದು. ಭವಿಷ್ಯದಲ್ಲಿ ಕರ್ನಲ್ ಆಗಿರುವ ಮ್ಯೂರಿ ಡ್ಯಾನ್‌ನ ಮಗಳೇ. ಮಕ್ಕಳ ಮೇಲಿನ ಪ್ರೀತಿಯೇ ಜೀವಾಳವಾದ ಕಥೆ ಈ ಪ್ರಶ್ನೆಯನ್ನು ದಾಟಿ ಹೋದದ್ದು ಇಲ್ಲಿನ ಎಲ್ಲ ದೋಷಗಳಲ್ಲಿ ನೋವಿನದು. ಜಂಪ್‌ಲಿಂಕ್‌ನ ಶಕ್ತಿ ಸೀಮಿತ, ಹಿಂದಕ್ಕೆ ಬರುವವರ ಸಂಖ್ಯೆಗೆ ಮಿತಿ ಇದೆ ಎಂಬ ಒಂದು ಸಾಲಿದ್ದರೂ ಸಾಕಿತ್ತು. ಯಾರನ್ನು ಕಳಿಸಬೇಕು ಎಂಬ ಇಕ್ಕಟ್ಟೇ ದೊಡ್ಡ ನಾಟಕವಾಗುತ್ತಿತ್ತು.

ಏಳು ದಿನದ ಸೈನಿಕ

ಕಡ್ಡಾಯವಾಗಿ ಸೇರಿಸಿಕೊಂಡವರಿಗೆ ಕೆಲವೇ ದಿನಗಳ ತರಬೇತಿ, ಏಳು ದಿನದ ಯುದ್ಧ. ಬದುಕಿ ಮರಳುವವರು ಶೇ 30ಕ್ಕಿಂತ ಕಡಿಮೆ. ಅಮೆರಿಕದ ಸೇನೆಯಲ್ಲಿ ಮೂಲ ತರಬೇತಿಗೇ 10 ವಾರ ಬೇಕು, ಅದು ಮುಗಿದ ಮೇಲೂ ಕಾಲಾಳಿಗೆ ಮುಂದಿನ ಹಂತದ ಕಲಿಕೆ ಇದೆ. ಬಂದೂಕು ಹಿಡಿದೇ ಗೊತ್ತಿಲ್ಲದವನನ್ನು ಏಳು ದಿನಕ್ಕೆ ಕಳಿಸಿದರೆ ಅವನು ಜಾಗ ಗುರುತಿಸುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅವನ ಜೊತೆಗಾರರೂ ಪ್ರತಿ ವಾರ ಬದಲಾಗುತ್ತಾರೆ. ಒಟ್ಟಿಗೆ ಕಾದಾಡಿ ಕಲಿತ ತುಕಡಿ ಎಂಬುದೇ ಹುಟ್ಟುವುದಿಲ್ಲ.

ಶತ್ರು ಹೇಗಿದ್ದಾನೆ ಎಂಬುದನ್ನೂ ಈ ಹೊಸಬರಿಗೆ ಮೊದಲೇ ತೋರಿಸುವುದಿಲ್ಲ. ತೋರಿಸಿದರೆ ಯಾರೂ ಬರಲಾರರು ಎಂಬುದು ಕೊಟ್ಟ ಕಾರಣ. ಆದರೆ ಸೇವೆ ಕಡ್ಡಾಯ, ಕೈಗೆ ಕಳಚಲಾಗದ ಪಟ್ಟಿ ಬಿಗಿದಾಗಿದೆ. ಇಷ್ಟವಿದ್ದರೆ ಬನ್ನಿ ಎಂಬ ಪ್ರಶ್ನೆಯೇ ಇಲ್ಲ. ವೈಟ್‌ಸ್ಪೈಕ್ ಎಂಬ ಈ ಜೀವಿಗಳಿಗೆ ಗಂಟಲು ಮತ್ತು ಹೊಟ್ಟೆಯ ಭಾಗ ಮಾತ್ರ ಮೆತ್ತಗೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆ ಜರ್ಮನ್ ಟೈಗರ್ ಟ್ಯಾಂಕಿಗೆ ಎಲ್ಲಿ ಹೊಡೆಯಬೇಕೆಂದು ಚಿತ್ರ ಬರೆದ ಕರಪತ್ರಗಳನ್ನು ಸಾಮಾನ್ಯ ಸೈನಿಕರಿಗೆ ಹಂಚಿತ್ತು. ಎಲ್ಲಿಗೆ ಗುರಿಯಿಡಬೇಕು ಎಂಬ ಒಂದು ಪುಟದ ಚಿತ್ರ ಸಾವಿರಾರು ಜೀವ ಉಳಿಸುತ್ತದೆ. ಇಲ್ಲಿ ಅದನ್ನೇ ಬಚ್ಚಿಡಲಾಗಿದೆ.

ಆಯುಧದ ವಿಷಯ ಇನ್ನೂ ಸ್ಪಷ್ಟ. ಹೊಸಬರ ಕೈಯಲ್ಲಿರುವುದು 5.56 ಮಿ.ಮೀ. ಗುಂಡಿನ ಹಗುರ ರೈಫಲ್‌ಗಳಂಥವು. ಆ ಗುಂಡು ನಳಿಗೆಯಿಂದ ಹೊರಬೀಳುವಾಗ ಅದರ ಶಕ್ತಿ ಸುಮಾರು 1,700 ಜೂಲ್. 7.62 ಮಿ.ಮೀ. ನ್ಯಾಟೊ ಗುಂಡಿಗೆ ಅದರ ಎರಡರಷ್ಟು. 12.7 ಮಿ.ಮೀ. ಭಾರಿ ಮಷಿನ್‌ಗನ್ನಿನ ಗುಂಡಿಗೆ ಸುಮಾರು 17,000 ಜೂಲ್, ಅಂದರೆ ಹತ್ತು ಪಟ್ಟು. ಮೈಮೇಲೆ ಗುಂಡು ಜಾರಿ ಹೋಗುವ ಪ್ರಾಣಿಯ ಎದುರು ಮೊದಲು ಬೇಕಾದದ್ದು ಈ ಮೂರನೆಯದು. ಅದು ಭವಿಷ್ಯದ ಅಪರೂಪದ ಆಯುಧವೂ ಅಲ್ಲ. ಅಮೆರಿಕದ ಎಂ2 ಮಷಿನ್‌ಗನ್ 1933ರಿಂದಲೂ ಬಳಕೆಯಲ್ಲಿದೆ. ಕಾಲಾಳು ವಾಡಿಕೆಯಂತೆ ಹೊರುವ ಗುಂಡು 210, ಮೂವತ್ತರ ಏಳು ಮ್ಯಾಗಜೀನ್. ತೀರಾ ಮಿತವಾಗಿ ನಿಮಿಷಕ್ಕೆ 15ರ ಲೆಕ್ಕದಲ್ಲಿ ಹಾರಿಸಿದರೂ 14 ನಿಮಿಷಕ್ಕೆ ಚೀಲ ಖಾಲಿ. ಚಿತ್ರದಲ್ಲಿರುವಂತೆ ಬಂದೂಕಿನ ಕುದುರೆ ಒತ್ತಿ ಹಿಡಿದರೆ ಒಂದು ಮ್ಯಾಗಜೀನ್ ಮೂರು ಸೆಕೆಂಡು ಬಾಳುವುದಿಲ್ಲ. ಏಳು ದಿನದ ಯುದ್ಧಕ್ಕೆ ಗುಂಡು ತಂದುಕೊಡುವವರು ಯಾರು ಎಂಬುದು ತೆರೆಯ ಮೇಲೆ ಎಲ್ಲೂ ಕಾಣದು.

ಎರಡನೇ ಮಹಾಯುದ್ಧದ ಯುರೋಪಿನಲ್ಲಿ ಅಮೆರಿಕದ ಒಂದು ಡಿವಿಷನ್‌ಗೆ (ಸಾವಿರಾರು ಸೈನಿಕರ ದಳಕ್ಕೆ) ದಿನಕ್ಕೆ 600ರಿಂದ 700 ಟನ್ ಸಾಮಗ್ರಿ ಬೇಕಾಗುತ್ತಿತ್ತು. ಯುದ್ಧ ಗೆಲ್ಲಿಸುವುದು ಈ ಟನ್ನುಗಳು. 2051ರ ಸಮಾಜದ ಕೈಯಲ್ಲಿ ಕಾರ್ಖಾನೆಗಳಿಲ್ಲ. 2022ರ ಜಗತ್ತಿನ ಕೈಯಲ್ಲಿ ಎಲ್ಲ ಕಾರ್ಖಾನೆಗಳೂ ಒಂದು ಇಟ್ಟಿಗೆ ಅಲುಗದೆ ನಿಂತಿವೆ. ಹಿಂದಿನ ಕಾಲವೆಂದರೆ ಶತ್ರು ಮುಟ್ಟಲಾಗದ ಹಿಂಭಾಗದ ನೆಲೆ. ಇಂಥದೇ ಸ್ಥಿತಿಯಲ್ಲಿದ್ದ ಅಮೆರಿಕ ಸೋವಿಯತ್ ಒಕ್ಕೂಟಕ್ಕೆ 4 ಲಕ್ಷಕ್ಕೂ ಹೆಚ್ಚು ಟ್ರಕ್ ಹಾಗೂ ಜೀಪುಗಳನ್ನು ಕಳಿಸಿತ್ತು, ಪೂರ್ವ ರಣರಂಗಕ್ಕೆ ತನ್ನ ಡಿವಿಷನ್‌ಗಳನ್ನು ಕಳಿಸಲಿಲ್ಲ. ಸುರಂಗದಲ್ಲಿ ಒಬ್ಬ ಅನುಭವವಿಲ್ಲದ ಮನುಷ್ಯ ಹಿಡಿಯುವ ಜಾಗದಲ್ಲಿ ಒಂದು ಭಾರಿ ಮಷಿನ್‌ಗನ್ನು, ಅದರ ಗುಂಡಿನ ಪೆಟ್ಟಿಗೆಗಳು ಹಿಡಿಯುತ್ತವೆ. ಅದನ್ನು ನಡೆಸಲು ಅಲ್ಲಿ ಮೂರು ವರ್ಷ ಕಾದಾಡಿ ಪಳಗಿದವರಿದ್ದಾರೆ.

ಮಯಾಮಿಯ ಮೇಲೆ ಆಕಾಶದಿಂದ ಬೀಳುವ ದೃಶ್ಯದ ಬಗ್ಗೆ ಒಂದೆರಡು ಮಾತು ಸಾಕು. ಸುರಂಗದ ಸ್ಥಾನ ತಪ್ಪಿ ನೂರಾರು ಮಂದಿ ನಗರದ ಮೇಲೆ ಎತ್ತರದಿಂದ ಬೀಳುತ್ತಾರೆ, ಕಟ್ಟಡದ ಮೇಲಿನ ಈಜುಕೊಳಕ್ಕೆ ಬಿದ್ದ ಕೆಲವರು ಉಳಿಯುತ್ತಾರೆ. ಸ್ಪರ್ಧೆಯಲ್ಲಿ ಪುರುಷರ ಹೈ ಡೈವಿಂಗ್ ಎತ್ತರ 27 ಮೀಟರ್. ನೀರು ಮುಟ್ಟುವಾಗ ವೇಗ ಗಂಟೆಗೆ 80 ಕಿ.ಮೀ. ಮೀರುತ್ತದೆ, ಪಳಗಿದವರೂ ಕಾಲು ಕೆಳಗೆ ಮಾಡಿಯೇ ಬೀಳುತ್ತಾರೆ, ಕೊಳ ಐದಾರು ಮೀಟರ್ ಆಳವಿರುತ್ತದೆ. 60 ಮೀಟರ್‌ನಿಂದ ಬಿದ್ದರೆ ವೇಗ 120 ದಾಟುತ್ತದೆ. ಎರಡು ಮೀಟರ್ ಆಳದ ಕೊಳದಲ್ಲಿ ಅಷ್ಟು ವೇಗ ನಿಲ್ಲಬೇಕಾದರೆ ದೇಹದ ಮೇಲೆ ಸರಾಸರಿ 30 ಜಿಯಷ್ಟು, ಅಂದರೆ ದೇಹದ ತೂಕದ 30 ಪಟ್ಟು ಒತ್ತಡ, ಬೆನ್ನ ಮೇಲೆ ಹೊರೆ ಬೇರೆ. ಎದ್ದು ಓಡುವುದು ದೂರದ ಮಾತು. ಆದರೂ ಇದು ಉತ್ಪ್ರೇಕ್ಷೆಯೇ ಹೊರತು ಕಥೆಯ ತೂತಲ್ಲ. ಬಹುಪಾಲು ಜನ ಸಾಯುತ್ತಾರೆಂದು ಚಿತ್ರವೇ ತೋರಿಸುತ್ತದೆ. ಜನರನ್ನು ಕಳಿಸುವ ಮುನ್ನ ಎತ್ತರ ಅಳೆಯುವ ಸಣ್ಣ ಉಪಕರಣವೊಂದನ್ನು ಎಸೆದು ನೋಡುವ ಪದ್ಧತಿ ಇಲ್ಲದ್ದು ಇಲ್ಲಿ ಹೆಚ್ಚು ಕಾಡುವ ವಿಷಯ.

ಜೀವಶಾಸ್ತ್ರ ಅಷ್ಟೇನೂ ಕೆಟ್ಟಿಲ್ಲ

ಮೂರೇ ವರ್ಷದಲ್ಲಿ ಒಂದು ಅಂತರಿಕ್ಷ ಹಡಗಿನ ಪ್ರಾಣಿಗಳು ಇಡೀ ಮನುಷ್ಯಕುಲವನ್ನು ತಿಂದು ಮುಗಿಸುವುದು ಅಸಾಧ್ಯ ಎಂಬ ಟೀಕೆಗೆ ಲೆಕ್ಕದ ಬೆಂಬಲ ಕಡಿಮೆ. 800 ಕೋಟಿ ಜನರ ಸರಾಸರಿ ತೂಕ 60 ಕೆ.ಜಿ. ಎಂದರೆ ಒಟ್ಟು 48 ಕೋಟಿ ಟನ್. ತಿಂದ ಆಹಾರದ ಹತ್ತನೇ ಒಂದು ಭಾಗ ತಿಂದವನ ದೇಹವಾಗುತ್ತದೆ ಎಂಬ ಜೀವಶಾಸ್ತ್ರದ ಸ್ಥೂಲ ಲೆಕ್ಕ ಹಿಡಿದರೆ 4.8 ಕೋಟಿ ಟನ್ ಬೇಟೆಗಾರರು. ಒಂದೊಂದು 300 ಕೆ.ಜಿ. ಎಂದುಕೊಂಡರೆ 16 ಕೋಟಿ ಪ್ರಾಣಿಗಳು. ಸಾವಿರದಿಂದ 16 ಕೋಟಿಗೆ ಏರಲು ಹದಿನೆಂಟು ಸಲ ದ್ವಿಗುಣವಾದರೆ ಸಾಕು. 36 ತಿಂಗಳಲ್ಲಿ ಎರಡು ತಿಂಗಳಿಗೊಮ್ಮೆ ದ್ವಿಗುಣ. ಇಷ್ಟು ದೊಡ್ಡ ದೇಹಕ್ಕೆ ಇದು ಬಹಳ ವೇಗ. ಹಂದಿಗೆ ಗರ್ಭಧಾರಣೆಯೇ 114 ದಿನ, ನೂರು ಕೆ.ಜಿ. ತೂಗಲು ಮತ್ತೆ ಆರು ತಿಂಗಳು. ಆದರೆ ಗ್ರಹಗಳನ್ನು ಬರಿದು ಮಾಡಲೆಂದೇ ಯಾರೋ ಸಾಕಿದ ತಳಿ ಎಂಬ ಸುಳಿವು ಕೊನೆಗೆ ಸಿಗುವುದರಿಂದ ಈ ವೇಗವನ್ನು ಒಪ್ಪಬಹುದು. ಗಂಡುಗಳಿಗಿಂತ ಹೆಣ್ಣನ್ನು ಕೊಲ್ಲುವುದು ಕಷ್ಟ, ಗಂಡಿಗೆ ನಾಟುವ ವಿಷವನ್ನು ಹೆಣ್ಣು ಜೀರ್ಣಿಸಿಕೊಳ್ಳುತ್ತದೆ ಎಂಬ ವಿವರವೂ ಬುದ್ಧಿವಂತಿಕೆಯದು. ಸಂತತಿ ನಿಲ್ಲಬೇಕಾದರೆ ಹೆಣ್ಣೇ ಗುರಿಯಾಗಬೇಕು.

ಎಡವಿದ್ದು ಆ ವಿಷವನ್ನು ಸಾಗಿಸುವ ಬಗೆಯಲ್ಲಿ. ಸಮುದ್ರದ ನಡುವಿನ ತೈಲ ಬಾವಿಯ ಅಟ್ಟಣಿಗೆಯಲ್ಲಿ ಮ್ಯೂರಿಯ ಪ್ರಯೋಗಾಲಯ. ಅಲ್ಲಿಗೇ ಜೀವಂತ ಹೆಣ್ಣನ್ನು ತಂದು ಕಟ್ಟುತ್ತಾರೆ. ಅದನ್ನು ಬಿಡಿಸಲು ಹಿಂಡು ಈಜಿಕೊಂಡು ಬಂದು ಎಲ್ಲವನ್ನೂ ಮುಗಿಸುತ್ತದೆ. ವಿಷದ ಸೀಸೆಯನ್ನು ಡ್ಯಾನ್ ಕೈಯಲ್ಲಿ ಹಿಡಿದು ಕೊನೆಯ ಕ್ಷಣದಲ್ಲಿ ಮರಳುತ್ತಾನೆ. ಮನುಷ್ಯಕುಲದ ಉಳಿವು ಒಂದು ಸೀಸೆಯ ಮೇಲೆ ನಿಂತಂತೆ ಚಿತ್ರಿಸುವುದು ನಾಟಕಕ್ಕೆ ಚೆನ್ನ. ಆದರೆ ವಿಷ ಎಂದರೆ ಒಂದು ಅಣುವಿನ ರಚನೆ. ಅದನ್ನು ಬರೆದು ಕಳಿಸಬಹುದು. 2020ರ ಜನವರಿಯಲ್ಲಿ ನಡೆದದ್ದನ್ನು ನೆನೆಯಿರಿ. ಕೊರೊನಾ ವೈರಸ್‌ನ ಸುಮಾರು 29,900 ಅಕ್ಷರಗಳ ಜೀನೋಮ್ ಅಂತರ್ಜಾಲದಲ್ಲಿ ಪ್ರಕಟವಾದ ಕೆಲವೇ ದಿನಗಳಲ್ಲಿ ಮಾಡರ್ನಾದ ಲಸಿಕೆಯ ವಿನ್ಯಾಸ ಮುಗಿದಿತ್ತು. ಮಾರ್ಚ್ 16ರಂದು ಮೊದಲ ಪ್ರಾಯೋಗಿಕ ಚುಚ್ಚುಮದ್ದು ಕೊಟ್ಟಾಗಿತ್ತು. ವಿನ್ಯಾಸ ಶುರುಮಾಡಲು ವೈರಸ್ಸಿನ ಸೀಸೆ ಬೇಕಾಗಲಿಲ್ಲ, ಅಕ್ಷರಗಳು ಸಾಕಾದವು. ಮ್ಯೂರಿಯ ತಂಡ ಪ್ರತಿ ವಾರ ಮರಳುವ ಸೈನಿಕರ ಜೇಬಿನಲ್ಲಿ ಆ ವಾರದ ಸಂಶೋಧನೆಯ ಪ್ರತಿಯೊಂದನ್ನು ಇಟ್ಟಿದ್ದರೆ 2022ರ ಜಗತ್ತಿನ ಸಾವಿರಾರು ಪ್ರಯೋಗಾಲಯಗಳು ಅದರ ಮೇಲೆ ಕೆಲಸ ಮಾಡುತ್ತಿದ್ದವು. ಹೆಣ್ಣನ್ನು ಹಿಡಿದ ದಿನವೇ ಅದರ ರಕ್ತದ ಮಾದರಿ ಈಚೆಗೆ ಬರಬೇಕಿತ್ತು.

ಉಗುರಿನಲ್ಲಿ ಸಿಕ್ಕ ಬೂದಿ

ಕಥೆ ತಿರುಗುವುದು ಇಲ್ಲಿ. ಸಹಸೈನಿಕ ಡೋರಿಯನ್ ಬಳಿ ವೈಟ್‌ಸ್ಪೈಕ್‌ನ ಉಗುರಿದೆ. ಅದರಲ್ಲಿ ಜ್ವಾಲಾಮುಖಿ ಬೂದಿ ಸಿಗುತ್ತದೆ. ಜ್ವಾಲಾಮುಖಿಗಳ ಹುಚ್ಚಿರುವ ಡ್ಯಾನ್‌ನ ವಿದ್ಯಾರ್ಥಿಯೊಬ್ಬ, ಇದು ಕ್ರಿ.ಶ. 946ರ ಸುಮಾರಿಗೆ ಚೀನಾ ಮತ್ತು ಉತ್ತರ ಕೊರಿಯಾ ಗಡಿಯ ಚಾಂಗ್‌ಬಾಯ್ ಪರ್ವತ ಸ್ಫೋಟಿಸಿದಾಗಿನ ಬೂದಿ ಎಂದು ಗುರುತಿಸುತ್ತಾನೆ. ಅಂದರೆ ಈ ಜೀವಿಗಳು 2048ರಲ್ಲಿ ಬಂದಿಳಿಯಲಿಲ್ಲ. ಸಾವಿರ ವರ್ಷದಿಂದ ರಷ್ಯಾದ ಉತ್ತರದ ಹಿಮದಡಿ ಹೂತಿದ್ದು, ಹಿಮ ಕರಗಿದಾಗ ಹೊರಬಂದವು.

ಆ ಸ್ಫೋಟ ಕಲ್ಪನೆಯಲ್ಲ. ಕಳೆದ ಎರಡು ಸಾವಿರ ವರ್ಷಗಳ ಅತಿ ದೊಡ್ಡ ಸ್ಫೋಟಗಳಲ್ಲಿ ಅದೂ ಒಂದು. ಅದರಲ್ಲಿ ಸತ್ತ ಮರದ ಉಂಗುರಗಳನ್ನು, 775ರ ಸುಮಾರಿಗೆ ವಾತಾವರಣದಲ್ಲಿ ರೇಡಿಯೊಕಾರ್ಬನ್ (ವಿಕಿರಣಶೀಲ ಇಂಗಾಲ) ದಿಢೀರ್ ಏರಿದ್ದ ಗುರುತಿನಿಂದ ಹೊರಕ್ಕೆ ಎಣಿಸಿ ವಿಜ್ಞಾನಿಗಳು 946 ಎಂಬ ವರ್ಷಕ್ಕೆ ಬಂದಿದ್ದಾರೆ. ಬೂದಿಯ ಗುರುತು ಹಚ್ಚುವುದೂ ನಿಜವಾದ ವಿದ್ಯೆ. ಬೂದಿಯಲ್ಲಿರುವ ಗಾಜಿನ ಚೂರುಗಳ ಸಿಲಿಕಾ, ಪೊಟ್ಯಾಷಿಯಂ, ಸೋಡಿಯಂ ಪ್ರಮಾಣವನ್ನು ಎಲೆಕ್ಟ್ರಾನ್ ಮೈಕ್ರೊಪ್ರೋಬ್‌ನಲ್ಲಿ ಅಳೆದು, ಗೊತ್ತಿರುವ ಸ್ಫೋಟಗಳ ಜೊತೆ ಹೋಲಿಸುತ್ತಾರೆ. ಈ ಸ್ಫೋಟದ ಬೂದಿಯಲ್ಲಿ ರಯೊಲೈಟ್ ಮತ್ತು ಟ್ರಾಕೈಟ್ ಎಂಬ ಎರಡೂ ಬಗೆಯ ಜ್ವಾಲಾಮುಖಿ ಶಿಲೆಯ ಗಾಜು ಇರುವುದರಿಂದ ಗುರುತು ಇನ್ನೂ ಸುಲಭ. ಜಪಾನಿನ ಉತ್ತರದಲ್ಲಿ ಅದು ಕಣ್ಣಿಗೆ ಕಾಣುವ ಪದರವಾಗಿ ಬಿದ್ದಿದೆ, ಗ್ರೀನ್‌ಲ್ಯಾಂಡ್‌ನ ಹಿಮದಲ್ಲೂ ಅದರ ಸೂಕ್ಷ್ಮ ಕಣಗಳು ಸಿಕ್ಕಿವೆ. ಆರ್ಕ್ಟಿಕ್ ಹಿಮದ ಪದರಗಳಲ್ಲಿ ಆ ಬೂದಿ ಇರಬಹುದು ಎಂಬ ಊಹೆಗೆ ಆಧಾರವಿದೆ. ಇಷ್ಟರಮಟ್ಟಿಗೆ ಬರಹಗಾರರು ಓದಿಕೊಂಡು ಬರೆದಿದ್ದಾರೆ, ಅದನ್ನು ಮೆಚ್ಚಲೇಬೇಕು.

ಸಡಿಲವಾಗಿರುವುದು ಅಲ್ಲಿಂದ ಮುಂದಿನ ಹೆಜ್ಜೆ. ಪ್ರಾಣಿ ಹಡಗಿನೊಳಗಿತ್ತು, ಬೂದಿ ಹೊರಗೆ ಹಿಮದ ಮೇಲೆ ಬಿದ್ದಿತ್ತು. ಉಗುರಿಗೆ ಬೂದಿ ತಾಗಬೇಕಾದರೆ ಆ ಪ್ರಾಣಿ 2048ರಲ್ಲಿ ಹಿಮವನ್ನು ಅಗೆದು ಹೊರಬರುವಾಗ 946ರ ಪದರವನ್ನು ಸೀಳಿರಬೇಕು. ಹಾಗೆ ಹೊರಬಂದ ಮೊದಲ ಪೀಳಿಗೆ ಎಷ್ಟಿದ್ದೀತು? ಮೇಲಿನ ಲೆಕ್ಕದಂತೆ 16 ಕೋಟಿಯಲ್ಲಿ ಒಂದು ಸಾವಿರ. ಯುದ್ಧರಂಗದಲ್ಲಿ ಕೊಂದ ಯಾವುದೋ ಒಂದರ ಉಗುರು ಆ ಸಾವಿರದಲ್ಲಿ ಒಂದರದ್ದೇ ಆಗಿರುವ ಸಾಧ್ಯತೆ 1.6 ಲಕ್ಷಕ್ಕೆ ಒಂದು. ಆಗಿದ್ದರೂ ಅದು ಮೂರು ವರ್ಷ ನೆಲ ಕೆರೆದು, ಸಮುದ್ರ ಈಜಿ ಬಂದ ಉಗುರು. ಹಿಮಪದರದಲ್ಲಿ ಬೂದಿ ಇರುವುದು ಬರಿಗಣ್ಣಿಗೆ ಕಾಣದಷ್ಟು ಕಡಿಮೆ. ಪರೀಕ್ಷೆಗೆ ಸಿಗುವಷ್ಟು ಬೂದಿ ಉಗುರಿನಲ್ಲಿದ್ದರೆ ಭೂವಿಜ್ಞಾನಿ ಮೊದಲು ಬೆರಳು ತೋರಿಸುವುದು ಈಶಾನ್ಯ ಚೀನಾ, ಉತ್ತರ ಕೊರಿಯಾ ಅಥವಾ ಉತ್ತರ ಜಪಾನಿನ ಮಣ್ಣಿನತ್ತ.

ಹಾಗಾದರೆ ರಷ್ಯಾ ಎಲ್ಲಿಂದ ಬಂತು? ಶತ್ರು ಮೊದಲು ಕಾಣಿಸಿಕೊಂಡದ್ದು 2048ರ ನವೆಂಬರಿನಲ್ಲಿ, ಉತ್ತರ ರಷ್ಯಾದಲ್ಲಿ ಎಂಬುದು 2051ರವರಿಗೆ ಮೊದಲೇ ಗೊತ್ತು. ಚಿತ್ರದ ಅತಿ ದೊಡ್ಡ ತೂತು ಇದು. ಮೈದಾನದಲ್ಲಿ ಸುಳಿ ತೆರೆದ ದಿನವೇ ಸ್ಥಳವನ್ನೂ ತಿಂಗಳನ್ನೂ ಹೇಳಬಹುದಿತ್ತು. ಹಡಗು ಬಂದಿಳಿದದ್ದನ್ನು ಯಾವ ಉಪಗ್ರಹವೂ ಕಂಡಿಲ್ಲ ಎಂಬುದೂ ಅವರಿಗೆ ಗೊತ್ತು. ಬಂದದ್ದು ಕಾಣಲಿಲ್ಲ ಎಂದರೆ ಮೊದಲಿಂದಲೂ ಇಲ್ಲೇ ಇದ್ದಿರಬಹುದು ಎಂಬುದು ಸೇನಾ ಗುಪ್ತಚರ ವಿಭಾಗದ ಹೊಸ ಅಧಿಕಾರಿಗೂ ಹೊಳೆಯಬೇಕಾದ ಎರಡನೇ ಪ್ರಶ್ನೆ. ಇಲ್ಲೇ ಇತ್ತೋ ಆಮೇಲೆ ಬಂತೋ, ಮಾಡಬೇಕಾದ ಕೆಲಸ ಒಂದೇ: ಆ ಪ್ರದೇಶವನ್ನು 2023ರಿಂದಲೇ ಕಾಯುವುದು.

ಹುಡುಕುವುದೂ ಕಷ್ಟವಲ್ಲ. ವಿಮಾನದಿಂದ ರೇಡಿಯೊ ಅಲೆ ಹಾಯಿಸಿ ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ತಳವನ್ನು ನೋಡುವ ತಂತ್ರಕ್ಕೆ ಅರ್ಧ ಶತಮಾನದ ವಯಸ್ಸು. ಗ್ರೀನ್‌ಲ್ಯಾಂಡ್‌ನ ಹಿಮದಡಿ ಅಡಗಿದ್ದ 31 ಕಿ.ಮೀ. ಅಗಲದ ಹಿಯಾವಾಥಾ ಕುಳಿಯನ್ನು ಹೀಗೆಯೇ ಪತ್ತೆಹಚ್ಚಿ 2018ರಲ್ಲಿ ಪ್ರಕಟಿಸಲಾಯಿತು. ಹಡಗು ಅದಕ್ಕಿಂತ ಎಷ್ಟೋ ಸಣ್ಣದು, ನಿಜ. ಆದರೆ ಲೋಹ ರೇಡಿಯೊ ಅಲೆಯನ್ನು ಕಲ್ಲಿಗಿಂತ ಬಲವಾಗಿ ಹಿಂದಕ್ಕೆ ಎಸೆಯುತ್ತದೆ. ಹತ್ತಿರ ಹತ್ತಿರದ ಗೆರೆಗಳಲ್ಲಿ ಹಾರಾಟ ನಡೆಸಿದರೆ ಕೆಲವು ಋತುಗಳ ಕೆಲಸ.

ಕೆಲವು ಋತುಗಳು ಏಕೆ, ಕೈಯಲ್ಲಿ 25 ವರ್ಷವಿತ್ತು! ಜಂಪ್‌ಲಿಂಕ್ ಕೆಟ್ಟುನಿಂತಾಗ ಎಲ್ಲವೂ ಮುಗಿದಂತೆ ಜಗತ್ತು ಕೈಚೆಲ್ಲುತ್ತದೆ. ವಿಷ ಕೈಯಲ್ಲಿದೆ, ಶತ್ರುವಿನ ಅಂಗರಚನೆ ಗೊತ್ತಿದೆ, ದಾಳಿಯ ತಿಂಗಳು ಗೊತ್ತಿದೆ. ಸರ್ಕಾರಗಳು ಒಪ್ಪಲಿಲ್ಲ ಎಂದು ಡ್ಯಾನ್, ಅವನ ತಂದೆ ಮತ್ತು ಬೆರಳೆಣಿಕೆಯ ಗೆಳೆಯರು ತಾವೇ ವಿಮಾನ ಹತ್ತಿ ಹಿಮಕ್ಕೆ ಹೋಗುತ್ತಾರೆ. ಹಡಗಿನೊಳಗೆ ಒಂದೊಂದೇ ಪ್ರಾಣಿಗೆ ಕೈಯಾರೆ ವಿಷ ಚುಚ್ಚುತ್ತಾರೆ, ಉಳಿದವು ಎಚ್ಚರಗೊಳ್ಳುತ್ತವೆ, ಒಂದು ಹೆಣ್ಣು ತಪ್ಪಿಸಿಕೊಳ್ಳುತ್ತದೆ. ಆ ಒಂದು ಹೆಣ್ಣು ಹಿಮದಾಚೆ ಹೋಗಿದ್ದರೆ ಯುದ್ಧ 25 ವರ್ಷ ಮೊದಲೇ, ಯಾವ ಸಿದ್ಧತೆಯೂ ಇಲ್ಲದ ಭೂಮಿಯ ಮೇಲೆ ಶುರುವಾಗುತ್ತಿತ್ತು. ಇಂಥ ಅಪಾಯದ ಲೆಕ್ಕ ಹಾಕುವವರು ಆ ತಂಡದಲ್ಲಿ ಯಾರೂ ಇಲ್ಲ. ಮಲಗಿರುವ ಶತ್ರುವನ್ನು ಎಬ್ಬಿಸುವ ಮುನ್ನ ಸುತ್ತ ಕಾವಲು ಹಾಕಿ, ಹಿಮದ ಮೇಲೆ ಭಾರಿ ಆಯುಧಗಳನ್ನು ಇರಿಸಿ, ಆಮೇಲೆ ಒಳಹೋಗುವುದು ಸೈನ್ಯದಲ್ಲಿ ದುಡಿದ ಡ್ಯಾನ್‌ಗೆ ತಿಳಿಯದ ವಿಷಯವೇನಲ್ಲ.

ಕಾಲದ ಆಟ ಆಡುವ ಯುದ್ಧಚಿತ್ರಗಳೆಲ್ಲ ಹೀಗೇ ಮುಗ್ಗರಿಸಬೇಕೆಂದಿಲ್ಲ. 2014ರ ‘ಎಡ್ಜ್ ಆಫ್ ಟುಮಾರೊ’ದಲ್ಲಿ ಶತ್ರುವಿನ ರಕ್ತ ಮೈಗೆ ಸೇರಿದವನು ಸತ್ತಾಗಲೆಲ್ಲ ದಿನ ಮತ್ತೆ ಶುರುವಾಗುತ್ತದೆ, ಬೇರೆಯವರ ರಕ್ತ ಏರಿಸಿದರೆ ಆ ಶಕ್ತಿ ಹೋಗುತ್ತದೆ. ನಿಯಮ ಎರಡೇ, ಅವು ಕಥೆಯ ಉದ್ದಕ್ಕೂ ನಿಲ್ಲುತ್ತವೆ, ಮುಖ್ಯ ತಿರುವುಗಳು ಅವುಗಳಿಂದಲೇ ಹುಟ್ಟುತ್ತವೆ. ಕೊನೆಯ ಐದು ನಿಮಿಷದಲ್ಲಿ ಮಾತ್ರ ಅದೂ ಸಡಿಲವಾಗುತ್ತದೆ: ದಿನ ಹಿಂದಿನ ಜಾಗಕ್ಕಿಂತಲೂ ಹಿಂದಕ್ಕೆ ಹೋಗಿ ತೆರೆದುಕೊಳ್ಳುತ್ತದೆ, ಶತ್ರು ಮಾತ್ರ ಸತ್ತೇ ಇರುತ್ತಾನೆ.

‘ದಿ ಟುಮಾರೊ ವಾರ್’ ಅನ್ನು ಸರಿಪಡಿಸಲು ಹೊಸ ಕಥೆ ಬೇಕಿರಲಿಲ್ಲ, ಮೂರು ಮಾತು ಸಾಕಿತ್ತು. 2048ರ ನವೆಂಬರಿನ ಒಂದೇ ವಾರದಲ್ಲಿ ಮೂರು ಖಂಡಗಳಿಂದ ದಾಳಿಯ ಸುದ್ದಿ ಬಂತು, ಮೊದಲು ಎಲ್ಲಿ ಎಂಬುದು ಯಾರಿಗೂ ತಿಳಿಯಲಿಲ್ಲ ಎಂಬುದು ಒಂದು. ಸುರಂಗದ ಈ ಬಾಯಿಂದ ಹೋದವರು ಮಾತ್ರ ಮರಳಬಹುದು, ಆ ಬಾಯಿಂದ ಹೊಸಬರನ್ನು ದಾಟಿಸಿದರೆ ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಾರೆ, ಮೈದಾನಕ್ಕೆ ಬಂದವರು ಹಾಗೆ ಉಳಿದ ಕೆಲವರು ಎಂಬುದು ಎರಡನೆಯದು. ಹಿಮ ಈ ಚಳಿಗಾಲವೇ ಬಿರುಕು ಬಿಡತೊಡಗಿದೆ, 25 ವರ್ಷ ಕಾಯಲು ಸಮಯವಿಲ್ಲ ಎಂಬುದು ಮೂರನೆಯದು. ಆಗ ಮೈದಾನದಲ್ಲಿ ಸ್ಥಳ ಹೇಳದಿರುವುದಕ್ಕೂ, ಮಕ್ಕಳು ಅಲ್ಲೇ ಉಳಿದದ್ದಕ್ಕೂ, ನಾಲ್ಕೈದು ಮಂದಿ ಅವಸರದಲ್ಲಿ ಹಿಮಕ್ಕೆ ಓಡಿದ್ದಕ್ಕೂ ಕಾರಣ ಸಿಗುತ್ತಿತ್ತು. ಬೂದಿಯನ್ನು ಗುರುತಿಸಿದ ಆ ಹುಡುಗನ ಓದು ಇಡೀ ಜಗತ್ತಿಗೆ ನಿಜವಾಗಿಯೂ ಬೇಕಾಗುತ್ತಿತ್ತು.